ಅರವತ್ತೆರಡಕ್ಕೆ ನಿಂತ ಬೀಗರ ಹಾಡು

ಕಂಪ್ಯೂಟರ್ ರಿಪೇರಿಯವರ ಬಗ್ಗೆ ನನಗೆ ಯಾವತ್ತೂ ಗೌರವ ಇರಲಿಲ್ಲ. ಹರಿಹರದ ಕಾರ್ಖಾನೆಯೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ಮೇಂಟೆನೆನ್ಸ್ ಫಿಟ್ಟರ್ ಆಗಿದ್ದವನು ನಾನು. ಲೇತು ನಿಂತರೆ ಯಾಕೆ ನಿಂತಿತು ಅಂತ ಹುಡುಕುವುದೇ ನಮ್ಮ ಅನ್ನ. ಬೆಲ್ಟು ನೋಡು, ಬೇರಿಂಗ್ ನೋಡು, ಎಣ್ಣೆ ನೋಡು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಓಡಿಸಿ ನೋಡು, ರಿಜಿಸ್ಟರಿನಲ್ಲಿ ಬರೆ. ಈ ಕಂಪ್ಯೂಟರಿನವರಿಗೆ ಇದ್ಯಾವುದೂ ಗೊತ್ತಿಲ್ಲ. ಏನು ಕೆಟ್ಟರೂ ಒಂದೇ ಮದ್ದು, ಎಲ್ಲ ಅಳಿಸಿ ಹೊಸದಾಗಿ ಹಾಕುವುದು. ಜ್ವರ ಬಂತು ಅಂತ ಹೋದವನಿಗೆ ತಲೆ ತೆಗೆದು ಬೇರೆ ತಲೆ ಕೂರಿಸುತ್ತೀನಿ ಅನ್ನುವ ಡಾಕ್ಟರನ್ನು ನಾವು ಊರು ಬಿಡಿಸುತ್ತೇವೆ. ಇವರಿಗೆ ಮಾತ್ರ ನಮ್ಮ ದಾವಣಗೆರೆಯ ಮಂಡಿಪೇಟೆಯಲ್ಲಿ ಅಂಗಡಿ, ಅದಕ್ಕೊಂದು ಗಾಜಿನ ಬಾಗಿಲು, ತಿರುಗುವ ಕುರ್ಚಿ.

ಹಾಡು ಕೇಳುವವರ ಬಗ್ಗೆಯೂ ನನಗೆ ಅಷ್ಟೇ ಮರ್ಯಾದೆ. ನಿಜಲಿಂಗಪ್ಪ ಬಡಾವಣೆಯ ನಮ್ಮ ಪಾರ್ಕಿಗೆ ಬೆಳಿಗ್ಗೆ ಬಂದು ನೋಡಿ. ಫೋನನ್ನು ಜೇಬಿಗಿಟ್ಟುಕೊಂಡು ಅದರ ಸ್ಪೀಕರಿನಿಂದ ಭಕ್ತಿಗೀತೆ ಕಿರುಚಿಸುತ್ತಾ ಸುತ್ತು ಹೊಡೆಯುವ ಹಿರಿಯರು ಹತ್ತು ಜನ ಸಿಗುತ್ತಾರೆ. ಅವರು ಕೇಳುತ್ತಿರುವುದು ಎಂಪಿತ್ರೀ. ಅಂದರೆ, ಇದು ನಿನ್ನ ಕಿವಿಗೆ ಬೇಕಾಗಲಿಕ್ಕಿಲ್ಲ ಅಂತ ಯಾರೋ ತೀರ್ಮಾನ ಮಾಡಿ, ಹಾಡಿನ ಮುಕ್ಕಾಲು ಭಾಗ ಎಸೆದು, ಉಳಿದಿದ್ದನ್ನು ಕೈಗೆ ಕೊಟ್ಟಿದ್ದು. ಫ್ಲ್ಯಾಕ್ ಅಂತ ಇನ್ನೊಂದು ವಿಧಾನ ಇದೆ. ಸೀರೆಯನ್ನು ಮಡಿಸಿ ಟ್ರಂಕಿನಲ್ಲಿಟ್ಟ ಹಾಗೆ, ಜಾಗ ಕಡಿಮೆ ತಗೊಳ್ಳುತ್ತೆ, ಬಿಚ್ಚಿದರೆ ಒಂದು ದಾರವೂ ಕಡಿಮೆಯಾಗಿರುವುದಿಲ್ಲ. ಮಗಳು ಮದುವೆಯಾಗಿ ರಾಣೆಬೆನ್ನೂರಿಗೆ ಹೋದ ಮೇಲೆ ಅವಳ ಕಂಪ್ಯೂಟರ್ ನನ್ನ ಪಾಲಿಗೆ ಬಂತು. ಅದರಲ್ಲಿ ಮನೆಯ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಒಂದೊಂದಾಗಿ ಫ್ಲ್ಯಾಕ್ ಮಾಡಿಟ್ಟಿದ್ದೆ. ಕೇಳುವವರು ಯಾರೂ ಇರಲಿಲ್ಲ, ಆ ಮಾತು ಬೇರೆ.

ಈ ಪಾಂಡಿತ್ಯ ನಿಜವಾಗಿ ಉಪಯೋಗಕ್ಕೆ ಬರಬೇಕಾದ ಹೊತ್ತು ಒಂದು ಬಂತು. ಅಕ್ಕನ ಗಂಟಲಿನಲ್ಲಿ ಗೆಡ್ಡೆ ಕಾಣಿಸಿಕೊಂಡಿತು.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಹರಿಹರದಲ್ಲಿ ಹೊಳೆ ಕಡೆ ಮನೆ. ಹೊಲದ ಕೆಲಸ, ಕೂಲಿ, ಆಮೇಲೆ ಶಾಲೆಯಲ್ಲಿ ಬಿಸಿಯೂಟದ ಅಡುಗೆ, ಹೀಗೆ ಬದುಕು ಕಳೆದವಳು. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಅವಳನ್ನು ಕರೆಯುತ್ತಿದ್ದುದು ಬೀಗರ ಹಾಡಿಗೆ. ಮದುವೆಯಲ್ಲಿ ಗಂಡಿನ ಕಡೆಯವರು ಉಣ್ಣಲು ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಎದುರಿಗೆ ಕೂತು ಅವರನ್ನು ಹಂಗಿಸಿ ಹಾಡುವ ಹಾಡು ಅದು. ಬೀಗರ ಮೀಸೆ, ಬೀಗತಿಯ ಸೀರೆಯ ಸೆರಗು, ಎಲೆಗೆ ಬಿದ್ದ ಹೋಳಿಗೆಯ ಲೆಕ್ಕ, ಯಾವುದನ್ನೂ ಬಿಡುವುದಿಲ್ಲ. ಪ್ರತಿ ನುಡಿಯಲ್ಲಿ ಮೂರು ಸಾಲು ಸುಮ್ಮನೆ ಹೊಗಳುತ್ತಾ ಹೋಗಿ ನಾಲ್ಕನೆಯ ಸಾಲಿಗೆ ಏಟು ಹಾಕಬೇಕು. ಜೊತೆಗಿದ್ದ ಹೆಂಗಸರಿಗೆ ಬರುತ್ತಿದ್ದುದು ನುಡಿಗೊಮ್ಮೆ ಮರಳಿ ಬರುವ ಸೊಲ್ಲು ಮಾತ್ರ, ಏಟು ಅಕ್ಕನದೇ. ಅವ್ವನಿಂದ ಕಲಿತಿದ್ದು ಅಂತಿದ್ದಳು, ಸುಮಾರು ನಲವತ್ತು ಹಾಡು. ಈಗ ಕಲ್ಯಾಣ ಮಂಟಪದಲ್ಲಿ ಆಳೆತ್ತರದ ಸ್ಪೀಕರುಗಳ ಮುಂದೆ ಕೂತು ಬೀಗರೂ ಕಿವುಡರಂತೆ ಉಣ್ಣುತ್ತಾರೆ, ಹೆಣ್ಣಿನವರೂ ಕಿವುಡರಂತೆ ಬಡಿಸುತ್ತಾರೆ. ಹಂಗಿಸುವಷ್ಟು ಆಸಕ್ತಿ ಯಾರಿಗೂ ಯಾರ ಮೇಲೂ ಉಳಿದಿಲ್ಲ.

ದಾವಣಗೆರೆಯ ಗಂಟಲ ಡಾಕ್ಟರು ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕಾಗುತ್ತೆ ಅಂದರು. ದೀಪಾವಳಿ ಕಳೆದ ಮೇಲೆ ಆಪರೇಷನ್ ಅಂತ ದಿನ ಕೊಟ್ಟರು. ನಡುವೆ ಇಪ್ಪತ್ತನಾಲ್ಕು ದಿನ. ಅಷ್ಟರೊಳಗೆ ದಿನಕ್ಕೆ ಒಂದೆರಡು ಹಾಡು ಹಾಡಬಹುದೇ ಅಂತ ನಾನು ಕೇಳಿದ್ದಕ್ಕೆ, ಹಾಡಲಿ ಬಿಡಿ ಅಂದರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೇ ಅಕ್ಕನಿಗೆ ಹೇಳಿದೆ, ನಲವತ್ತೂ ಹಾಡು ನಾನು ಹಿಡಿದಿಡುತ್ತೀನಿ, ನಿನ್ನ ದನಿಯಲ್ಲಿ ಒಂದು ಚೂರೂ ಹೋಗದ ಹಾಗೆ.

"ಆತು ತಮ್ಮ. ನೀ ಹೆಂಗೆ ಹೇಳ್ತೀಯೋ ಹಂಗೆ," ಅಂದಳು.

ಮರುದಿನ ಬೆಳಿಗ್ಗೆ ಹರಿಹರದ ಬಸ್ಸಿಗೆ ಬಂದಳು. ನಾನು ಒಳಕೋಣೆಯಲ್ಲಿ ಮೈಕು ಕಟ್ಟಿ, ಫ್ಯಾನು ಆರಿಸಿ, ಮಿಕ್ಸಿ ಹಾಕಬಾರದು ಅಂತ ಹೆಂಡತಿಗೆ ಕಟ್ಟಪ್ಪಣೆ ಮಾಡಿದ್ದೆ. ಅಕ್ಕ ಸೆರಗು ಬಿಗಿದು ಕೂತು ಬೀಗರ ಮೀಸೆಯ ಹಾಡು ಹಾಡಿದಳು. ದನಿ ಸ್ವಲ್ಪ ಒರಟಾಗಿತ್ತು, ಆದರೆ ಶ್ರುತಿ ಅಲುಗಲಿಲ್ಲ. ಒಂಬತ್ತು ನಿಮಿಷ. ಕೊನೆಯ ನುಡಿಗೆ ಅಡುಗೆಮನೆಯಿಂದ ಹೆಂಡತಿ ನಕ್ಕಿದ್ದು ಮೈಕಿಗೆ ಬಿತ್ತು ಅಂತ ನನಗೆ ಸಿಟ್ಟು ಬಂತು. ಉಳಿಸು ಅಂತ ಒತ್ತಿ, ಫ್ಲ್ಯಾಕ್ ಆರಿಸಿ, ಅತಿ ಬಿಗಿಯಾಗಿ ಮಡಿಸುವ ಹಂತಕ್ಕೆ ಇಟ್ಟೆ. ಹಸಿರು ಪಟ್ಟಿ ತೆವಳುತ್ತಾ ಹೋಯಿತು. ಅರವತ್ತೆರಡಕ್ಕೆ ನಿಂತಿತು. ಮೌಸಿನ ಬಾಣ ಅಲುಗಲಿಲ್ಲ. ಮೂಲೆಯ ಗಡಿಯಾರವೂ ನಿಂತುಬಿಟ್ಟಿತ್ತು. ಒಳಗೆ ಫ್ಯಾನೊಂದು ಮಾತ್ರ ಜೋರಾಗಿ ತಿರುಗುತ್ತಿತ್ತು. ಕೊನೆಗೆ ಸ್ವಿಚ್ ಆರಿಸಿ ಮತ್ತೆ ಹಾಕಿದೆ. ಉಳಿಸುವುದು ಮುಗಿಯುವ ತನಕ ಆ ಪ್ರೋಗ್ರಾಂ ಹಾಡನ್ನು ಎಲ್ಲೋ ತಾತ್ಕಾಲಿಕವಾಗಿ ಇಟ್ಟುಕೊಂಡಿರುತ್ತೆ. ನಡುವೆ ನಿಂತರೆ ಹಾಡು ಹೋದಂತೆಯೇ. ಮೀಸೆಯ ಹಾಡು ಹೋಯಿತು.

ಎರಡನೆಯ ದಿನದ ಹಾಡು ನಲವತ್ತೆಂಟಕ್ಕೆ ನಿಂತಿತು. ಮೂರನೆಯ ದಿನದ್ದು ಐವತ್ತೈದಕ್ಕೆ.

ಕೆಟ್ಟ ಯಂತ್ರದ ಮೇಲೆ ಕೆಲಸ ಓಡಿಸಬಾರದು ಅನ್ನುವುದು ಫಿಟ್ಟರನ ಮೊದಲ ಪಾಠ. ನಿಲ್ಲಿಸಬೇಕು, ಮೂಲ ಹುಡುಕಬೇಕು, ಆಮೇಲೇ ಕೆಲಸ. ಅಕ್ಕನಿಗೆ ಹೇಳಿದೆ, "ನೀ ಬರಬ್ಯಾಡ. ಸುಮ್ನೆ ಗಂಟ್ಲು ಸವೆಸಬ್ಯಾಡ. ಮೊದ್ಲು ಇದನ್ನ ಸರಿ ಮಾಡ್ತೀನಿ, ಆಮೇಲೆ ಕರೀತೀನಿ."

"ಎಷ್ಟ್ ದಿನ ಆಗ್ತೈತೆ?"

"ನಾಕು ದಿನ."

ಹೆಂಡತಿಗೆ ಈ ಪಾಠವೆಲ್ಲ ಎಲ್ಲಿ ಅರ್ಥವಾಗಬೇಕು. ಮೂರನೆಯ ದಿನ ನಾನು ಮೈಕು ಸರಿಮಾಡುತ್ತಿದ್ದಾಗ ಅವಳು ತನ್ನ ಫೋನನ್ನು ಅಕ್ಕನ ಮುಂದೆ ಇಟ್ಟು ಆ ದಿನದ ಹಾಡನ್ನು ಅದರಲ್ಲಿ ಹಿಡಿದುಕೊಂಡಿದ್ದಳಂತೆ. ಸಂಜೆ ಕಾಫಿ ಕೊಡುವಾಗ ಹೇಳಿದಳು, "ಕಂಪ್ಯೂಟರ್ನಾಗ ಹೋದ್ರೆ ಹೋಗ್ಲಿ ಬಿಡ್ರಿ. ನನ್ನ ಫೋನಾಗ ಐತೆ." ನಾನು ಅದನ್ನು ನನ್ನ ದೊಡ್ಡ ಸ್ಪೀಕರಿಗೆ ಜೋಡಿಸಿ ಹಾಕಿದೆ. ಪಾಪ, ಅವಳು ಎದುರಿಗೆ ಕೂತು ನನ್ನ ಮುಖ ನೋಡುತ್ತಿದ್ದಳು. ಅರ್ಧಕ್ಕೆ ನಿಲ್ಲಿಸಿ ನಾನಂದೆ, "ತಗಡಿನ ಡಬ್ಬದಾಗ ಕೂತು ಹಾಡಿದಂಗೆ ಐತೆ. ಇದನ್ನ ಯಾರಿಗಾದ್ರೂ ಕೇಳಿಸಿದ್ರೆ ಅಕ್ಕನ ಮರ್ಯಾದಿ ಹೋಗ್ತೈತೆ." ಅವಳು ಫೋನು ಇಸ್ಕೊಂಡು ನನ್ನೆದುರಿಗೇ ಅದನ್ನು ಅಳಿಸಿದಳು. ನಾನು ನೋಡುತ್ತಾ ಇದ್ದೆ, ಬ್ಯಾಡ ಅನ್ನಲಿಲ್ಲ.

ನಾಲ್ಕನೆಯ ದಿನ ಕಂಪ್ಯೂಟರಿನ ಡಬ್ಬವನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಮಂಡಿಪೇಟೆಗೆ ಹೋದೆ. ಗಾಜಿನ ಬಾಗಿಲಿನವನು, ನಲವತ್ತರ ಆಸಾಮಿ, ತಿರುಗುವ ಕುರ್ಚಿಯಲ್ಲಿ ತಿರುಗುತ್ತಾ ಕೇಳಿದ, "ಮೊದ್ಲು ಸರಿ ಇತ್ತೇನ್ರಿ?"

"ಸರಿ ಇತ್ತು. ದಸರಾಕಿಂತ ಮೊದ್ಲು ಎಷ್ಟೋ ಕ್ಯಾಸೆಟ್ ಮಾಡೀನಿ."

"ಆಮೇಲೆ ಏನ್ ಬದ್ಲಾತು? ಒಳಗೆ ಯಾರಾದ್ರೂ ಕೈ ಹಾಕಿದ್ರೇನ್ರಿ?"

"ಯಾರೂ ಇಲ್ಲ."

"ಹಂಗಾರೆ ವೈರಸ್ ಇರಬೇಕು. ಫಾರ್ಮ್ಯಾಟ್ ಹೊಡದ್ಬಿಡಾನು."

ನೋಡಿ, ಬಂತಲ್ಲ ಅದೇ ಮದ್ದು. ನಾನು ಒಪ್ಪಲಿಲ್ಲ. ಆಗ ಅವನು ಇನ್ನೊಂದು ಹೇಳಿದ. "ಅರ್ಜೆಂಟ್ ಇದ್ರೆ ವೇವ್ ಅಂತ ಐತೆ ನೋಡ್ರಿ, ಮೊದ್ಲು ಅದ್ರಾಗ ಉಳಿಸ್ಕೊಳ್ರಿ. ಅದ್ರಾಗೂ ದನಿ ಏನೂ ಕಡಿಮಿ ಆಗಲ್ಲ, ಜಾಗ ಜಾಸ್ತಿ ತಗೊಂತೈತೆ ಅಷ್ಟೇ. ಫ್ಲ್ಯಾಕ್ ಆಮೇಲೆ ನಿಧಾನಕ್ಕೆ ಮಾಡ್ಕೊಳ್ರಿ." ಇದು ನೂರಕ್ಕೆ ನೂರು ಸರಿಯಾದ ಮಾತು. ನನಗೂ ಗೊತ್ತಿದ್ದ ಮಾತು. ಆದರೆ ಹೇಳಿದವನು ಆ ಕುರ್ಚಿಯಲ್ಲಿ ತಿರುಗುತ್ತಿದ್ದ. ರೋಗ ಮುಚ್ಚಿಟ್ಟು ಕೆಲಸ ಸಾಗಿಸುವ ಬುದ್ಧಿ ನಮಗೆ ಕಲಿಸಿಲ್ಲ ಅಂತ ಹೇಳಿ ಡಬ್ಬ ಎತ್ತಿಕೊಂಡು ಬಂದೆ.

ಆಮೇಲೆ ನಾನು ಮಾಡಿದ ಘನಕಾರ್ಯ ಒಂದು ನೋಟ್‌ಬುಕ್ಕಿನಲ್ಲಿ ಇನ್ನೂ ಇದೆ. ಕಾರ್ಖಾನೆಯ ರಿಜಿಸ್ಟರಿನ ಹಾಗೆ ಗೆರೆ ಹೊಡೆದು, ದಿನ, ಬದಲಾಯಿಸಿದ್ದು, ಫಲ ಅಂತ ಮೂರು ಕಾಲಂ. ಪರೀಕ್ಷೆಗೆ ಒಂದು ಹಳೆಯ ಕ್ಯಾಸೆಟ್ಟಿನ ಹಾಡು ಇಟ್ಟುಕೊಂಡಿದ್ದೆ. ಸ್ಟೆಬಿಲೈಜರ್ ಬದಲಾಯಿಸಿದೆ, ನಿಂತಿತು. ಬೇರೆ ಪ್ಲಗ್ಗಿಗೆ ಹಾಕಿದೆ, ನಿಂತಿತು. ಪ್ರೋಗ್ರಾಂ ತೆಗೆದು ಹಳೆಯದನ್ನು ಹಾಕಿದೆ, ನಿಂತಿತು. ಇಂಟರ್ನೆಟ್ಟಿನಲ್ಲಿ ಯಾವ್ಯಾವುದೋ ದೇಶದ ಮಹಾನುಭಾವರು ಬರೆದಿದ್ದನ್ನೆಲ್ಲ ಓದಿದೆ. ಒಬ್ಬ ಮೆಮೊರಿ ಅಂದ, ಒಬ್ಬ ಹಾರ್ಡ್ ಡಿಸ್ಕ್ ಅಂದ, ಒಬ್ಬ ಕಂಪ್ಯೂಟರನ್ನೇ ಎಸಿ ಅಂದ. ಮೆಮೊರಿ ಹೊಸದು ತಂದು ಹಾಕಿದೆ, ನಿಂತಿತು. ಅಂಗಳದಲ್ಲಿ ನಿಂತು ಒಬ್ಬೊಬ್ಬರನ್ನೂ ಬೈದೆ. ಅವರಿಗೆ ಕೇಳಿಸದಿದ್ದರೂ ಪಕ್ಕದ ಮನೆಯವರಿಗೆ ಕೇಳಿಸಿತು.

ಆ ನೋಟ್‌ಬುಕ್ಕಿನಲ್ಲಿ ನನ್ನದೇ ಅಕ್ಷರದಲ್ಲಿ ಒಂದು ಸಾಲಿದೆ. 'ಬೆಳಿಗ್ಗೆ ತಂಪಿನಲ್ಲಿ ಎಂಬತ್ತರ ತನಕ ಹೋಯಿತು. ಮಧ್ಯಾಹ್ನ ಮೂವತ್ತೊಂದಕ್ಕೇ ನಿಂತಿತು.' ಕೆಳಗೆ ಗೆರೆ ಕೂಡ ಎಳೆದಿದ್ದೇನೆ. ಮೋಟರು ಬಿಸಿಯಾಗಿದೆಯೋ ನೋಡಲು ಹಿಂಗೈ ಇಟ್ಟು ನೋಡು ಅಂತ ಕಾರ್ಖಾನೆಗೆ ಹೊಸದಾಗಿ ಬಂದವರಿಗೆಲ್ಲ ಬಯ್ದು ಕಲಿಸಿದವನು, ಇಷ್ಟು ಬರೆದು, ಗೆರೆ ಎಳೆದು, ಎದ್ದು ಹೋಗಿ ಮಂಡಕ್ಕಿ ಮೆಣಸಿನಕಾಯಿ ತಿಂದೆ. ನನ್ನಂಥ ಫಿಟ್ಟರನಿಗೆ ಕಾರ್ಖಾನೆಯವರು ಅಷ್ಟು ವರ್ಷ ಸಂಬಳ ಕೊಟ್ಟಿದ್ದು ದೊಡ್ಡ ಮಾತು.

ನಾಲ್ಕು ದಿನ ಅಂದಿದ್ದು ಹದಿನಾಲ್ಕಾಯಿತು. ಅಕ್ಕ ನಡುವೆ ಎರಡು ಸಲ ಫೋನು ಮಾಡಿದಳು. ಮೊದಲ ಸಲ, "ಆತೇನೋ ತಮ್ಮ, ಬರ್ಲೇನು?" ಅಂದಳು. ಇನ್ನೂ ಆಗಿಲ್ಲ ಅಂದೆ. ಎರಡನೆಯ ಸಲ ಫೋನಿನಲ್ಲಿ ಯಾರು ಅಂತ ನನಗೆ ತಿಳಿಯಲಿಲ್ಲ. ಯಾರ್ರೀ ಮಾತಾಡೋದು ಅಂತ ಕೇಳಿದೆ. "ನಾನೋ," ಅಂದಳು. ದನಿ ಅರ್ಧ ಗಾಳಿಯಾಗಿತ್ತು. ಆ ಮಧ್ಯಾಹ್ನವೇ ಡಬ್ಬ ಎತ್ತಿಕೊಂಡು ಮತ್ತೆ ಮಂಡಿಪೇಟೆಗೆ ಹೋದೆ. ಅದೇನು ಫಾರ್ಮ್ಯಾಟ್ ಹೊಡೀತೀಯೋ ಹೊಡಿ ಅಂತ ಹೇಳುವುದೆಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಅವನು ಫಾರ್ಮ್ಯಾಟ್ ಹೊಡೆಯಲಿಲ್ಲ. ಅಲ್ಲೇ ಒಂದು ಹಾಡನ್ನು ಫ್ಲ್ಯಾಕ್ ಮಾಡಲು ಹಾಕಿ, ಅದು ನಿಲ್ಲುವ ತನಕ ಕಾದು, ಪಕ್ಕದ ತಗಡು ಬಿಚ್ಚಿ ಒಳಗೆ ಬೆರಳಿಟ್ಟ. ಕೂಡಲೇ ಕೈ ಹಿಂದಕ್ಕೆ ತೆಗೆದುಕೊಂಡ. ಸ್ವಲ್ಪ ಆರಲು ಬಿಟ್ಟು ಫ್ಯಾನು ತೆಗೆದ, ಅದರ ಕೆಳಗೆ ಶಾಖ ಎಳೆಯಲು ಕೂರಿಸಿರುವ ಅಲ್ಯೂಮಿನಿಯಂ ಗಟ್ಟಿ ತೆಗೆದ. ಕಂದು ಬಣ್ಣದ ಏನೋ ಒಂದು ಕರಗಿ ಬೋರ್ಡಿನ ಮೇಲೆಲ್ಲ ಇಳಿದಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದ. ಆಮೇಲೆ ನನ್ನ ಕಡೆ ನೋಡಿದ.

"ಇದು ಬೇರಿಂಗ್ ಗ್ರೀಸ್ ಅಲ್ಲೇನ್ರಿ?"

ಹೌದು. ನಾನೇ ಹಾಕಿದ್ದು. ಕಾರ್ಖಾನೆಯಲ್ಲಿ ಆಯುಧಪೂಜೆಯ ಹಿಂದಿನ ದಿನ ಒಂದು ಕ್ರಮ ಇತ್ತು. ಪ್ರತಿಯೊಬ್ಬನೂ ತನ್ನ ಯಂತ್ರ ಬಿಚ್ಚಿ, ಹಳೆಯ ಗ್ರೀಸು ಕೆರೆದು, ಒರೆಸಿ, ಹೊಸ ಗ್ರೀಸು ತುಂಬಿ ಮುಚ್ಚಬೇಕು. ಆಮೇಲೇ ಚೆಂಡು ಹೂವು, ಕುಂಬಳಕಾಯಿ. ರಿಟೈರಾದ ಮೇಲೂ ಆ ದಿನ ಬಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಈ ಸಲ ಸ್ಕೂಟರು, ಹೊಲಿಗೆ ಮಷೀನು ಮುಗಿಸಿ ಕಂಪ್ಯೂಟರ್ ಬಿಚ್ಚಿದ್ದೆ. ಆ ಗಟ್ಟಿಯ ಕೆಳಗೆ ಒಣಗಿದ ಸುಣ್ಣದಂಥದ್ದು ಒಂದಿಷ್ಟು ಅಂಟಿತ್ತು. ಇದೇನು ದರಿದ್ರ ಕೆಲಸ, ಬಾಣಂತಿಗೆ ಎಣ್ಣೆ ಹಚ್ಚಿದಷ್ಟೂ ಹಚ್ಚಿಲ್ಲವಲ್ಲ ಅಂತ ಬೈದುಕೊಂಡು, ಅದನ್ನೆಲ್ಲ ಕೆರೆದು ತೆಗೆದು, ಕಾರ್ಖಾನೆಯ ಕಾಲದಿಂದ ಇಟ್ಟುಕೊಂಡಿದ್ದ ಡಬ್ಬಿಯಿಂದ ಒಳ್ಳೆಯ ಗ್ರೀಸು ಎರಡು ಬೆರಳ ತುಂಬ ತೆಗೆದು ಮೆತ್ತಿದ್ದೆ. ಯಂತ್ರಕ್ಕೆ ಉಪಕಾರ ಮಾಡಿದೆ ಅಂತ ಖುಷಿಯಾಗಿ ಕುಂಕುಮ ಇಟ್ಟಿದ್ದೆ. ಇಮೇಲ್ ನೋಡುವುದು, ಫೋಟೊ ನೋಡುವುದು, ಇಂಥ ಹಗುರ ಕೆಲಸಕ್ಕೆ ಅದು ಹೇಗೋ ತಡೆದುಕೊಂಡಿತು. ಹಾಡು ಮಡಿಸುವಾಗ ಒಳಗಿನ ತಲೆ ಪೂರ್ತಿ ದುಡಿಯಬೇಕು. ದುಡಿದು ಕಾದ ಶಾಖವನ್ನು ನನ್ನ ಗ್ರೀಸು ಹೊರಗೆ ಬಿಡಲಿಲ್ಲ. ಒಳಗೆ ಯಾರಾದರೂ ಕೈ ಹಾಕಿದ್ದರೇ ಅಂತ ಅವನು ಕೇಳಿದಾಗ ನಾನು ಸುಳ್ಳು ಹೇಳಿರಲಿಲ್ಲ. ಯಾರಾದರೂ ಅನ್ನುವುದರಲ್ಲಿ ನನ್ನನ್ನು ಸೇರಿಸಿಕೊಂಡಿರಲಿಲ್ಲ, ಅಷ್ಟೇ.

ಈಗ ಮಾತ್ರ ಸುಳ್ಳು ಹೇಳಿದೆ. "ನಮ್ಮ ಅಳಿಯ ಹಚ್ಚಿರಬೇಕು," ಅಂದೆ.

"ಹೌದೇನ್ರಿ," ಅಂದ ಅವನು, ಬಹಳ ಮರ್ಯಾದೆಯಿಂದ. ಸ್ಪಿರಿಟ್ಟಿನಲ್ಲಿ ಒರೆಸಿ, ನಾನು ಸುಣ್ಣ ಅಂತ ಕೆರೆದು ತೆಗೆದಿದ್ದ, ಶಾಖ ದಾಟಿಸುವ ಬಿಳಿ ಪೇಸ್ಟನ್ನು ಅಕ್ಕಿಕಾಳಿನಷ್ಟು ಇಟ್ಟು ಕೂರಿಸಿದ. ಕಾಲು ಗಂಟೆಯ ಕೆಲಸ. ಪಟ್ಟಿ ನೂರಕ್ಕೆ ಹೋಗಿ ಮುಗಿಯಿತು.

ಮರುದಿನ ಅಕ್ಕ ಬಂದಳು. ಆಪರೇಷನ್ನಿಗೆ ಐದು ದಿನ ಉಳಿದಿತ್ತು. ಮೈಕಿನ ಮುಂದೆ ಕೂತು ಬಾಯಿ ತೆರೆದರೆ ದನಿ ಬರಲಿಲ್ಲ. ಉಸಿರು ಬಂತು, ಉಸಿರಿನಲ್ಲಿ ಮಾತು ಬಂತು, ಹಾಡು ಬರಲಿಲ್ಲ. ಎರಡು ಸಲ ನೋಡಿದಳು. ನಾನು ಕಂಪ್ಯೂಟರಿನ ಕಡೆಗೆ ಮುಖ ತಿರುಗಿಸಿಕೊಂಡು ಕೂತಿದ್ದೆ. ತಪ್ಪೆಲ್ಲ ನನ್ನದು ಅಂತ ಹೇಳಬೇಕಿತ್ತು. ಬೇರಿಂಗ್ ಗ್ರೀಸು ಅಂದರೇನು ಅಂತ ಅವಳಿಗೆ ವಿವರಿಸತೊಡಗಿದೆ. ಅವಳು ನನ್ನ ತೊಡೆಯ ಮೇಲೆ ಬಡಿದು ನಿಲ್ಲಿಸಿದಳು.

"ನನ್ನ ದನಿ ತಗೊಂಡು ಏನ್ ಮಾಡ್ತೀಯ," ಅಂದಳು ಉಸಿರಿನಲ್ಲೇ. "ಪದ ಉಳೀಲಿ. ನಾ ಹೇಳ್ತೀನಿ, ನೀ ಹಾಡು."

ನನ್ನ ದನಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತರೆ ಮೇಷ್ಟ್ರು ನನಗೆ ತುಟಿ ಮಾತ್ರ ಆಡಿಸಲು ಹೇಳಿದ್ದರು. ಮೇಲಾಗಿ ಇದು ಹೆಂಗಸರ ಹಾಡು. ಅರವತ್ತು ದಾಟಿದ ಗಂಡಸು ಬೀಗತಿಯ ಸೆರಗಿನ ಮೇಲೆ ಹಾಡುವುದೆಂದರೆ ಏನು. ಆದರೆ ಅಕ್ಕ ಸಾಲು ಉಸುರುತ್ತಿದ್ದಳು, ನಾನು ಹಾಡುತ್ತಿದ್ದೆ, ರಾಗ ತಪ್ಪಿದರೆ ತೊಡೆಯ ಮೇಲೆ ಏಟು ಬೀಳುತ್ತಿತ್ತು. ಅಡುಗೆಮನೆಯಿಂದ ಹೆಂಡತಿ ಈ ಸಲ ನಗಲಿಲ್ಲ. ಬಂದು ಬಾಗಿಲ ಹತ್ತಿರ ಕೂತಳು, ಸೊಲ್ಲು ಹಿಡಿದಳು. ನಾಲ್ಕು ದಿನದಲ್ಲಿ ಆರು ಹಾಡು ಆಯಿತು. ಆರೂ ಒಂದು ಕಡೆಯೂ ನಿಲ್ಲದೆ ಫ್ಲ್ಯಾಕ್ ಆದವು. ಕಾಗೆ ಕೂಗಿದಂಥ ನನ್ನ ದನಿ ಈಗ ಏನೊಂದೂ ಕಡಿಮೆಯಾಗದೆ ಡಿಸ್ಕಿನಲ್ಲಿ ಭದ್ರವಾಗಿದೆ.

ಆಪರೇಷನ್ ಚೆನ್ನಾಗಿ ಆಯಿತು ಅಂದರು ಡಾಕ್ಟರು. ಜೀವ ಉಳಿಯಿತು. ತಿಂಗಳ ಮೇಲೆ ನಾನು ಹರಿಹರಕ್ಕೆ ಹೋದೆ. ಅಕ್ಕ ಕತ್ತಿಗೆ ಒಂದು ಬಿಳಿ ಬಟ್ಟೆ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಸಂಜೆಯ ಬಿಸಿಲು ಇತ್ತು. ಆರು ಹಾಡು ಫೋನಿಗೆ ಹಾಕಿಕೊಂಡು ಹೋಗಿದ್ದೆ, ನನ್ನ ಒಳ್ಳೆಯ ಇಯರ್‌ಫೋನಿನ ಒಂದು ತಂತಿ ಅವಳ ಕಿವಿಗೆ ಇಟ್ಟೆ, ಇನ್ನೊಂದು ನನ್ನ ಕಿವಿಗೆ. ಅವಳು ಕಣ್ಣು ಮುಚ್ಚಿ ಕಟ್ಟೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ಕೇಳಿದಳು. ನನ್ನ ರಾಗಕ್ಕೆ ಎರಡು ಕಡೆ ಭುಜ ಕುಣಿಸಿ ನಕ್ಕಳು. ಶಬ್ದವಿರಲಿಲ್ಲ.

ಮೂರನೆಯ ಹಾಡಿನ ಕೊನೆಯ ನುಡಿಗೆ ಬಂದಾಗ ಕೈ ಎತ್ತಿದಳು. ನಾನು ನಿಲ್ಲಿಸಿದೆ. ನಾಲ್ಕನೆಯ ಸಾಲು, ಏಟಿನ ಸಾಲು, ನಾನು ತಪ್ಪು ಹಾಡಿದ್ದೆ. ಅವತ್ತು ಅವಳ ಉಸಿರು ನನಗೆ ಸರಿಯಾಗಿ ಕೇಳಿಸಿರಲಿಲ್ಲ ಅಂತ ಕಾಣುತ್ತೆ, ಅವಳಿಗೂ ಆಯಾಸವಾಗಿತ್ತು, ಇಬ್ಬರೂ ಗಮನಿಸಿರಲಿಲ್ಲ. ಸರಿಯಾದ ಸಾಲು ಹೇಳಲು ಅಕ್ಕ ಬಾಯಿ ತೆರೆದಳು. ಕತ್ತಿನ ಬಟ್ಟೆ ಅಲುಗಿತು, ಅಷ್ಟೇ. ತುಟಿ ಆಡಿಸಿದಳು. ನಾನು ಹೊಗೆ ಅಂದೆ, ತಲೆ ಅಲ್ಲಾಡಿಸಿದಳು. ಬಗೆ ಅಂದೆ. ಅಲ್ಲ. ನಿಧಾನವಾಗಿ ಇನ್ನೊಂದು ಸಲ ಆಡಿಸಿದಳು. ಈಗ ಬಳಕೆಯಲ್ಲಿಲ್ಲದ ಯಾವುದೋ ಹಳೆಯ ಮಾತಿರಬೇಕು, ನನಗೆ ಹೊಳೆಯಲಿಲ್ಲ. ಎದುರು ಮನೆಯ ಮುದುಕಿ ಹಿಂದೆ ಇವಳ ಜೊತೆ ಹಾಡುತ್ತಿದ್ದವಳು. ಅವಳನ್ನು ಕೂಗಿ ಕೇಳಿದೆ. "ನಮಗೆ ಸೊಲ್ಲು ಅಷ್ಟೇ ಬರೋದಪ್ಪ," ಅಂದಳು.

ನಾನು ಜೇಬಿನಿಂದ ಪೆನ್ನು ತೆಗೆದು, ಬಸ್ ಟಿಕೆಟಿನ ಹಿಂಭಾಗ ತಿರುಗಿಸಿ ಅಕ್ಕನ ಕೈಗೆ ಕೊಟ್ಟೆ. ಅವಳು ಪೆನ್ನು ಹಿಡಿದುಕೊಂಡು ನನ್ನನ್ನೇ ನೋಡಿದಳು. ಆಗ ನೆನಪಾಯಿತು. ನಾನು ಹುಟ್ಟಿದ ವರ್ಷ, ಮಗುವನ್ನು ಎತ್ತಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ ಅಂತ ಅವಳನ್ನು ಒಂದನೇ ಕ್ಲಾಸಿನಿಂದಲೇ ಬಿಡಿಸಿದ್ದರು. ಅಕ್ಷರ ಅಂತ ಅವಳಿಗೆ ಬರುವುದು ಅವಳ ಹೆಸರು ಒಂದೇ.

ಪೆನ್ನನ್ನು ನನ್ನ ಜೇಬಿಗೆ ವಾಪಸ್ ಸಿಕ್ಕಿಸಿ, ಮುಂದಿನ ಹಾಡು ಹಾಕು ಅಂತ ಕೈ ಮಾಡಿದಳು.